ಸಾವಿತ್ರವ್ವ ಸುಮ್ಮನಿರಲಿಲ್ಲ

"ಎರಡೂ ಕೈ ಹಚ್ಚರಿ ಡಾಕ್ಟರೇ! ಮನುಷ್ಯಾ ಅದಾನ, ತರಕಾರಿ ಬುಟ್ಟಿ ಅಲ್ಲ!"

ನರ್ಸ್ ಸಾವಿತ್ರವ್ವ ಸಿಡುಕಿದಳು. ಗಾಯಾಳು ಕೆರಿಯಪ್ಪ ಸ್ಟ್ರೆಚರಿನಿಂದ ಜಾರುತ್ತಿದ್ದ. ಆಗಷ್ಟೇ ಬಂದಿಳಿದ ಹೊಸ ಡಾಕ್ಟರು ಮಾತ್ರ ಎಡಗೈಯನ್ನು ಕೋಟಿನ ಜೇಬಿನಿಂದ ತೆಗೆಯಲೇ ಇಲ್ಲ. ಅಬ್ಬಾ, ಎಂಥ ಧಿಮಾಕು!

ಅವರು ಗುಡ್ನಾಪುರದ ಮಧುಕೇಶ್ವರ. ಚೀನಾ ಯುದ್ಧದಲ್ಲಿ ದಂಡಿನ ಡಾಕ್ಟರಾಗಿದ್ದವರು. ದಾಸನಕೊಪ್ಪದ ಮಾಜಿ ಸೈನಿಕರ ಆಸ್ಪತ್ರೆಗೆ ಹೊಸ ಮುಖ್ಯಸ್ಥರು ಬೇಕಾಗಿದ್ದರು. ಒಂದು ತಿಂಗಳು ಅವರ ಕೆಲಸ ನೋಡಿ ಕಮಿಟಿ ತೀರ್ಮಾನಿಸುವುದೆಂದಾಗಿತ್ತು.

ಹಳೆಯ ಮುಖ್ಯಸ್ಥರಿಗೆ ಕಣ್ಣು ಮಂಜಾಗಿತ್ತು. ಆಸ್ಪತ್ರೆಗೆಲ್ಲ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಸಾವಿತ್ರವ್ವನ ಅಣ್ಣ ಶಂಕ್ರಪ್ಪ ಅವರ ಆಪರೇಶನ್ ಟೇಬಲ್ಲಿನ ಮೇಲೆಯೇ ತೀರಿಕೊಂಡ. ಯುದ್ಧದಿಂದ ಬದುಕಿ ಬಂದವನು ಇಲ್ಲಿ ಸತ್ತ! ಆ ಸಂಕಟದಲ್ಲೇ ಅವಳು ಹಾವೇರಿಯ ಕೆಲಸ ಬಿಟ್ಟು, ಅವ್ವನನ್ನೂ ಕರೆದುಕೊಂಡು ಈ ಆಸ್ಪತ್ರೆಗೆ ಬಂದಿದ್ದಳು.

ಧಿಮಾಕಿನ ಡಾಕ್ಟರು ಬೇರೆಯೇ ಮನುಷ್ಯ ಎಂದು ತಿಳಿಯಲು ತಡವಾಗಲಿಲ್ಲ. ಆ ತಿಂಗಳು ಆಪರೇಶನ್ ಯಾವುದೂ ಇರಲಿಲ್ಲ; ಎಡಗೈ ಜೇಬಿನಲ್ಲಿಟ್ಟುಕೊಂಡೇ ರೋಗಿಗಳ ಪಕ್ಕ ಕೂತು ಹರಟುತ್ತಿದ್ದರು. ಶಂಕ್ರಪ್ಪನ ಕಥೆ ಕೇಳಿ ಕಣ್ಣೊರೆಸಿಕೊಂಡರು. ಸಾವಿತ್ರವ್ವನ ಸಿಟ್ಟು ಯಾವಾಗ ಕರಗಿತೋ ಅವಳಿಗೇ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ಚಹಾ ಕೊಡಲು ಹೋದಳು. ಡಾಕ್ಟರು ಲಿಂಗಪೂಜೆಗೆ ಕೂತಿದ್ದರು. ಲಿಂಗ ಬಲ ಅಂಗೈಯಲ್ಲಿತ್ತು!

ಎಡ ಅಂಗೈಯಲ್ಲಿಟ್ಟು ಪೂಜಿಸುವುದು ಇಬ್ಬರ ಮನೆಯಲ್ಲೂ ಹುಟ್ಟಿನಿಂದ ಬಂದ ರೂಢಿ.

"ಇದೇನ್ರಿ? ದಂಡಿಗೆ ಹೋಗಿ ಪದ್ಧತಿನೂ ಮರತ್ರೇನು?"

ಅವರು ಸುಮ್ಮನೆ ಎಡಗೈ ಮುಂದೆ ಚಾಚಿದರು. ಎರಡು ಬೆರಳು ಇರಲೇ ಇಲ್ಲ. ಉಳಿದವು ಸೆಟೆದುಕೊಂಡಿದ್ದವು.

"ಹಿಮದಾಗ ಸತ್ತಾವ್ರಿ ಇವು. ಇಟ್ಟರ ಲಿಂಗ ಜಾರತೈತಿ."

ಅಯ್ಯೋ... ಎಂಥ ಮಾತಾಡಿಬಿಟ್ಟೆ! ಮರುಕ್ಷಣವೇ ಅವಳಿಗೆ ಕೆರಿಯಪ್ಪ ಸ್ಟ್ರೆಚರಿನಿಂದ ಜಾರಿದ್ದು ನೆನಪಾಯಿತು.

"ಹಂಗಾರ... ಆಪರೇಶನ್?"

"ನೀವು ಜೋಡಿ ನಿಂತ್ರ ಒಂದ ಕೈಲೇ ಮಾಡ್ತೀನಿ. ಯಾರಿಗೂ ಹೇಳಬ್ಯಾಡ್ರಿ. ನನಗ ಉಳದದ್ದು ಇದೊಂದ ಕೆಲಸ."

ಅವಳು ಚಹಾ ಅಲ್ಲೇ ಇಟ್ಟು, ಮಾತು ಕೊಡದೆಯೇ ಹೊರಬಂದಳು. ಕೋಣೆಗೆ ಬಂದು ಅತ್ತಳು.

ಕಮಿಟಿ ಸೇರಿತು. ಡಾಕ್ಟರ ಜೊತೆ ಕೆಲಸ ಮಾಡಿದವಳೆಂದು ಸಾವಿತ್ರವ್ವನನ್ನೂ ಕರೆದಿದ್ದರು. ಅಧ್ಯಕ್ಷ ಶಿವಲಿಂಗಪ್ಪನವರು ನಗುತ್ತಾ ಕೇಳಿದರು.

"ನಾವೆಲ್ಲಾರೂ ಒಪ್ಪೇವಿ. ನೀವೇನಂತೀರಿ ಸಾವಿತ್ರವ್ವ?"

ಸುಮ್ಮನಿದ್ದರೆ ಇವರು ಇಲ್ಲೇ ಇರುತ್ತಾರೆ... ದಿನಾ ನನ್ನ ಕಣ್ಣ ಮುಂದೆ! ಆದರೆ ಗಾಯ ಮಾಗಲೆಂದು ಮುಂದೂಡಿದ್ದ ಕೆರಿಯಪ್ಪನ ಹೊಟ್ಟೆಯ ಆಪರೇಶನ್ ನಾಳೆಯೇ. ಇಲ್ಲಿ ಅದನ್ನು ಮುಖ್ಯಸ್ಥರೇ ಮಾಡಬೇಕು.

"ಇಂಥ ಚಲೋ ಡಾಕ್ಟರ್ ಸಿಗಂಗಿಲ್ರಿ," ಅವಳು ಎದ್ದು ನಿಂತಳು. "ಆದ್ರ ಆಪರೇಶನ್ ಇವರ ಕೈಲೆ ಆಗಂಗಿಲ್ಲ. ಎಡಗೈ ಏನೂ ಹಿಡಿಯಂಗಿಲ್ರಿ."

ಮಧುಕೇಶ್ವರ ಎದ್ದು ಹೊರನಡೆದರು. ಕಮಿಟಿ ಹುಬ್ಬಳ್ಳಿಯ ಸರ್ಜನ್ ಒಬ್ಬರನ್ನು ಆರಿಸಿತು.

ಸಾವಿತ್ರವ್ವ ಬಸ್ ನಿಲ್ಲುವ ಜಾಗಕ್ಕೆ ಓಡಿದಳು. ಅವರು ಟ್ರಂಕಿನ ಪಕ್ಕ ನಿಂತಿದ್ದರು.

"ಯಾರು ಹೇಳಿದ್ರೂ ತಡಕೋತಿದ್ದೆ... ನೀವ ಹೇಳಿದ್ರಲ್ಲ! ನನ್ನ ಮ್ಯಾಲೆ ಒಂದೀಟು ಜೀವ ಇದ್ದಿದ್ರ ಸುಮ್ಮನಿರ್ತಿದ್ರಿ."

"ಜೀವ ಇರದಿದ್ರ ಸುಮ್ಮನಿರ್ತಿದ್ನಿ!" ಅವಳಿಗೆ ಅಳು ಒತ್ತರಿಸಿ ಬಂತು. "ಅಣ್ಣನ್ನ ಕೊಂದ ಡಾಕ್ಟರ್‌ಗೆ ನಾ ಇವತ್ತಿಗೂ ಶಾಪ ಹಾಕ್ತೀನ್ರಿ. ನಾಳೆ ಕೆರಿಯಪ್ಪನ ಮನಿಯವರು ನಿಮಗ ಹಂಗ ಶಾಪ ಹಾಕಿದ್ರ... ನಾ ಹ್ಯಾಂಗ ಕೇಳ್ಲಿ?"

ಬಸ್ ಬಂತು. ಕಂಡಕ್ಟರ್ ಕೂಗಿದ. ಮಧುಕೇಶ್ವರ ಹತ್ತಲಿಲ್ಲ. ಬಸ್ ಹೋದ ಮೇಲೆ ಟ್ರಂಕಿನ ಮೇಲೆ ಕುಸಿದು ಮಗುವಿನಂತೆ ಅತ್ತರು.

"ನಾನ ಹೇಳಬೇಕಿತ್ತು ಸಾವಿತ್ರವ್ವ... ಧೈರ್ಯ ಆಗ್ಲಿಲ್ಲ. ಇನ್ನ ನಾ ಡಾಕ್ಟರೂ ಅಲ್ಲ, ಏನೂ ಅಲ್ಲ."

"ಜ್ವರಕ್ಕ ಔಷಧ ಕೊಡಾಕ ಒಂದ ಕೈ ಸಾಲಂಗಿಲ್ಲೇನ್ರಿ?" ಅವಳು ಕಣ್ಣೊರೆಸಿಕೊಂಡಳು. "ಏಳ್ರಿ, ಮನಿಗೆ ಹೋಗೋಣು. ಅವ್ವಗ ನಮ್ಮ ವಿಚಾರ ಹೇಳಬೇಕು."

ಅವರು ಅವಳ ಮುಖವನ್ನೇ ನೋಡಿದರು.

"ಏನಂತ ಹೇಳ್ತೀರಿ? ಕೈಯಿಲ್ಲ, ಕೆಲಸಿಲ್ಲ... ಇಂಥಾಂವ ಅಂತ?"

"ಇದ್ದದ್ದು ಇದ್ದಂಗ ಹೇಳ್ತೀನ್ರಿ."

ಅಳುವಿನ ನಡುವೆಯೇ ಅವರಿಗೆ ನಗು ಬಂತು.

"ಅದು ನನಗ ಗೊತ್ತೈತಿ ಬಿಡ್ರಿ!"