ಕೊಡೆಯೊಳಗಿನ ಕುರಿ

"ಒಂಬತ್ತು," ಎಂದರು ಟೀಚರಜ್ಜಿ.

ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಇನ್ನೊಮ್ಮೆ ಎಣಿಸಿದರು. ಬಿಸ್ಕತ್ತಿನ ಹಳೆಯ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ತಟ್ಟಿದರು. ಬಟ್ಟೆಯ ಕುರುಬನೊಬ್ಬ ಬಿದ್ದ. ಎರಡು ಮರ ಬಿದ್ದವು. ಒಂದು ದೊಡ್ಡ ಮೀನೂ ಬಿತ್ತು. ಕುರಿ ಮಾತ್ರ ಬೀಳಲಿಲ್ಲ.

"ಈಗಲೂ ಒಂಬತ್ತೇ. ಇನ್ನೊಂದು ಎಲ್ಲಿಗೆ ಹೋಯ್ತು?"

ಕೊನೆಯ ಬೆಂಚಿನಲ್ಲಿದ್ದ ಬುಗುರಿ ತಲೆಯೆತ್ತಿ ಫ್ಯಾನನ್ನೇ ನೋಡತೊಡಗಿದಳು. ಫ್ಯಾನು ತಿರುಗುತ್ತಿರಲಿಲ್ಲ.

ಅದು ಚರ್ಚಿನ ಹಿಂದಿನ ಸಂಡೇ ಸ್ಕೂಲ್ ಕೋಣೆ. ಟೀಚರಜ್ಜಿ ವಾರವಿಡೀ ಟೈಲರ್, ಭಾನುವಾರ ಮಾತ್ರ ಟೀಚರ್. ಅಂಗಡಿಯಲ್ಲಿ ಉಳಿದ ಬಟ್ಟೆ ಚೂರುಗಳಿಂದ ಬೈಬಲಿನ ಜನರನ್ನೂ ಪ್ರಾಣಿಗಳನ್ನೂ ಅವರೇ ಕತ್ತರಿಸಿದ್ದರು. ಒಂದು ಹಲಗೆಗೆ ಒರಟು ಕಂಬಳಿ ಬಟ್ಟೆ ಹೊದಿಸಿ, ಅದರ ಮೇಲೆ ಇವರನ್ನೆಲ್ಲ ಒತ್ತಿದರೆ ಗಪ್ಪೆಂದು ಅಂಟಿಕೊಳ್ಳುತ್ತಿದ್ದರು. ಹಾಗೆ ಅಂಟಿಸುತ್ತ, ಕೀಳುತ್ತ ಅವರು ಕತೆ ಹೇಳುತ್ತಿದ್ದರು.

ಕಳೆದುಹೋದ ಕುರಿಯ ಕತೆಗೆ ನೂರು ಕುರಿ ಬೇಕು; ಅದರಲ್ಲೊಂದು ತಪ್ಪಿಸಿಕೊಂಡಾಗ ಕುರುಬ ಉಳಿದವನ್ನೆಲ್ಲ ಬಿಟ್ಟು ಅದನ್ನು ಹುಡುಕಿ ಹೊರಡುತ್ತಾನೆ. "ನೂರು ಕುರಿಗೆ ಬಟ್ಟೆ ಎಲ್ಲಿಂದ ತರಲಿ? ಹತ್ತು ಮಾಡಿದೀನಿ. ಒಂದೊಂದನ್ನೂ ಹತ್ತು ಅಂದ್ಕೊಳ್ಳಿ," ಎನ್ನುತ್ತಿದ್ದರು.

ಮುಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಬಾಯಿಪಾಠನ ಕೈ. ಬೈಬಲಿನ ಯಾವ ವಚನ ಕೇಳಿದರೂ ಉಸಿರು ತೆಗೆದುಕೊಳ್ಳದೆ ಒಪ್ಪಿಸುವ ಹುಡುಗನಿಗೆ ಇನ್ನೇನು ಹೆಸರಿಡಲು ಸಾಧ್ಯ?

"ಹಾಗಾದ್ರೆ ಕಳೆದಿರೋದು ಒಂದಲ್ಲ ಟೀಚರಜ್ಜಿ, ಹತ್ತು ಕುರಿ!"

"ಸುಮ್ನಿರೋ, ನಿನ್ನ ಲೆಕ್ಕಕ್ಕಿಷ್ಟು!" ಎಂದರು ಟೀಚರಜ್ಜಿ. ಆಮೇಲೆ ಬುಗುರಿಯ ಕಡೆ ತಿರುಗಿದರು. "ಇನ್ನೊಂದು ಗಂಟೆಗೆ ನೀನು ಕತೆ ಹೇಳ್ಬೇಕು. ಕುರಿಯಿಲ್ಲದೆ ಏನೇ ಮಾಡ್ತೀಯ?"

ಬುಗುರಿ ಬೆಂಚಿನಲ್ಲಿ ಇನ್ನಷ್ಟು ಕೆಳಕ್ಕೆ ಜಾರಿದಳು.

ವರ್ಷಕ್ಕೊಮ್ಮೆ ದೊಡ್ಡವರ ಆರಾಧನೆಯಲ್ಲಿ ಒಂದು ಮಗು ಬಟ್ಟೆ ಹಲಗೆಯ ಪಕ್ಕ ನಿಂತು ಈ ಕತೆ ಹೇಳುವುದಿತ್ತು. ಮೂರು ವರ್ಷದಿಂದ ಬಾಯಿಪಾಠನೇ ಹೇಳುತ್ತಿದ್ದ. ಈ ಸಲ ಬುಗುರಿ ಹಟ ಹಿಡಿದು, ಪೀಡಿಸಿ, ಒಂದು ತಿಂಗಳು ಕೋಣೆ ಗುಡಿಸಿ ಅವಕಾಶ ಗಿಟ್ಟಿಸಿದ್ದಳು. ಕುರಿಯ ವಿಷಯ ಹೊರಗೆ ಬಂದರೆ ಅವಕಾಶವೂ ಹೋಯಿತು, ಮಾನವೂ ಹೋಯಿತು.

ಏಕೆಂದರೆ ಕುರಿಯನ್ನು ಬಚ್ಚಿಟ್ಟವಳು ಅವಳೇ.

ಹಿಂದಿನ ಭಾನುವಾರ ಕತೆ ಕಲಿಯುವಾಗ ಅವಳಿಗೊಂದು ಅನುಮಾನ ಬಂದಿತ್ತು. "ಒಂದು ಕುರಿಗೋಸ್ಕರ ತೊಂಬತ್ತೊಂಬತ್ತನ್ನ ಬಿಟ್ಟು ಹೋಗ್ತಾರಾ ಯಾರಾದ್ರೂ? ತೋಳ ಬಂದ್ರೆ? ನೀವಾಗಿದ್ರೆ ಹೋಗ್ತಿದ್ರಾ ಟೀಚರಜ್ಜಿ?"

"ಹೋಗ್ತಿದ್ದೆ ಕಣೆ."

"ಸುಳ್ಳು!"

"ಹೋಗು, ಕೈ ತೊಳ್ಕೊ. ಕುರುಬನ ಮುಖಕ್ಕೆಲ್ಲ ಇಂಕ್ ಮೆತ್ತಿದೀಯ."

ಕುರುಬನನ್ನೂ ಕುರಿಗಳನ್ನೂ ಡಬ್ಬಿಗೆ ತುಂಬುವಾಗ ಬುಗುರಿಗೆ ಪರೀಕ್ಷೆ ಮಾಡಿ ನೋಡುವ ಆಸೆಯಾಯಿತು. ಮೂಲೆಯ ಮೊಳೆಗೆ ಒಂದು ಕರಿ ಕೊಡೆ ನೇತಾಡುತ್ತಿತ್ತು. ಅದು ಅಲ್ಲಿಂದ ಕದಲಿದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಕುರಿಯನ್ನು ಅದರ ಮಡಿಕೆಯೊಳಗೆ ಇಳಿಬಿಟ್ಟಳು. ಅಜ್ಜಿ ಹುಡುಕುತ್ತಾರೋ ಇಲ್ಲವೋ ನೋಡಬೇಕು, ಆಮೇಲೆ "ಟಣ್ಟಣಾ!" ಎಂದು ತೆಗೆದುಕೊಡಬೇಕು. ಅಷ್ಟೇ ಪ್ಲಾನ್.

ಬುಗುರಿ ಈಗ ಮೆಲ್ಲಗೆ ಮೂಲೆಯತ್ತ ಕಣ್ಣು ಹಾಯಿಸಿದಳು.

ಮೊಳೆ ಇತ್ತು. ಕೊಡೆ ಇರಲಿಲ್ಲ.

ಅಷ್ಟರಲ್ಲಿ ಟೀಚರಜ್ಜಿ ಎದ್ದರು. "ಬಾಯಿಪಾಠ, ಇವರನ್ನೆಲ್ಲ ನೋಡ್ಕೊ. ನಾನು ಕುರಿ ಹುಡುಕಿ ಬರ್ತೀನಿ," ಎಂದು ಟಾರ್ಚು ಹಿಡಿದು ನಡೆದೇಬಿಟ್ಟರು. ಹತ್ತು ಮಕ್ಕಳನ್ನು ಬಿಟ್ಟು, ಒಂದು ಬಟ್ಟೆ ಚೂರಿಗಾಗಿ!

"ಹೋದ್ರು! ನಿಜವಾಗ್ಲೂ ಹೋದ್ರು!" ಬುಗುರಿಗೆ ಒಂದು ಕ್ಷಣ ಕುಣಿಯುವಷ್ಟು ಖುಷಿಯಾಯಿತು. ಕಿಟಕಿಯಿಂದ ಚರ್ಚಿನೊಳಗೆ ಇಣುಕಿದಳು.

ಟೀಚರಜ್ಜಿ ಬೆಂಚುಗಳ ಕೆಳಗೆ ಹುಡುಕುತ್ತಿದ್ದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈ ನೆಲದ ಮೇಲೆ. ಮೆಟ್ಟಿಲು ಹತ್ತುವಾಗಲೇ "ಅಯ್ಯೋ ನನ್ನ ಮಂಡಿ" ಎನ್ನುವವರು ಈಗ ಅದೇ ಮಂಡಿಯೂರಿ ಒಂದೊಂದೇ ಬೆಂಚು ದಾಟುತ್ತಿದ್ದರು. ಕೊರಳಲ್ಲಿದ್ದ ಅಳತೆಯ ಟೇಪು ನೆಲ ಗುಡಿಸುತ್ತಿತ್ತು.

ಬುಗುರಿಯ ಖುಷಿ ತುಸ್ಸೆಂದಿತು.

ಹಿಂದಿನ ಬಾಗಿಲಿನಿಂದ ಹೊರಗೆ ಓಡಿದಳು. ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಕೊಡೆ ಇಲ್ಲ. ಆಫೀಸ್ ರೂಮಿಗೆ ಬೀಗ. ನೀರಿನ ಡ್ರಮ್ಮಿನ ಹಿಂದೆ ಒಂದು ಬೆಕ್ಕಿತ್ತು. "ನೀನು ನೋಡಿದ್ಯಾ?" ಎಂದಳು. ಬೆಕ್ಕು ಆಕಳಿಸಿತು.

ಹಾಡುವವರ ಅಟ್ಟಕ್ಕೆ ಹೋಗುವ ಮೆಟ್ಟಿಲ ಕೆಳಗೆ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದರು. ಕೊಡೆ ಅಲ್ಲಿರಬಹುದು ಎಂದು ನುಸುಳಿದಳು. ಅಲ್ಲೂ ಇರಲಿಲ್ಲ. ಆದರೆ ಅಲ್ಲಿ ಕತ್ತಲಿತ್ತು, ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಹೊರಗೆ ಹೋಗಿ ಏನೆಂದು ಹೇಳುವುದು? ಮಂಡಿ ತಬ್ಬಿಕೊಂಡು ಅಲ್ಲೇ ಕೂತಳು.

ಎಷ್ಟೋ ಹೊತ್ತಿನ ಮೇಲೆ ಟಾರ್ಚಿನ ಬೆಳಕು ನೆಲದ ಮೇಲೆ ತೆವಳುತ್ತ ಬಂತು. ಬೆಂಚೊಂದು ಕಿರ್ರೆಂದಿತು.

"ಅಬ್ಬಾ, ಸಿಕ್ತು!" ಎಂಬ ದನಿ ಕೇಳಿತು.

ಬುಗುರಿ ಧಡಕ್ಕನೆ ತಲೆಯೆತ್ತಿದಳು. "ಕುರಿ ಸಿಕ್ತಾ? ಎಲ್ಲಿ?"

ಟೀಚರಜ್ಜಿಯ ಕೈ ಖಾಲಿಯಿತ್ತು. ಅವರು ಏದುಸಿರು ಬಿಡುತ್ತ ಬುಗುರಿಯನ್ನೇ ನೋಡುತ್ತಿದ್ದರು.

"ಕುರಿ ಎಲ್ಲಿ ಸಿಕ್ತು? ವಾಪಸ್ ಹೋಗಿ ಮಕ್ಕಳನ್ನ ಎಣಿಸಿದೆ. ಒಂಬತ್ತು."

"ನಾನೇ ಬಚ್ಚಿಟ್ಟೆ ಅಜ್ಜಿ. ಕೊಡೆಯೊಳಗೆ. ನೀವು ನಿಜವಾಗ್ಲೂ ಹುಡುಕ್ತೀರಾ ಅಂತ ನೋಡೋಕೆ. ಈಗ ಕೊಡೆನೇ ಇಲ್ಲ."

ಟೀಚರಜ್ಜಿ ಮುರಿದ ಬೆಂಚಿನ ಮೇಲೆ ಕುಸಿದು ಕೂತರು. ಈಗ ಬೈಯುತ್ತಾರೆ ಎಂದು ಬುಗುರಿ ಕಣ್ಣು ಮುಚ್ಚಿಕೊಂಡಳು.

"ಕೊಡೆಯೊಳಗೆ ಯಾಕೆ? ಕುರಿ ನೆನೆದುಬಿಡುತ್ತೆ ಅಂತಾನಾ?"

ಬುಗುರಿ ಒಂದು ಕಣ್ಣು ಮಾತ್ರ ತೆರೆದಳು.

"ಎದ್ದೇಳು. ನನ್ನನ್ನೂ ಎಬ್ಬಿಸು, ಮಂಡಿ ಹಿಡ್ಕೊಂಡಿದೆ. ಕುರಿ ಕಳೆದವರೇ ಕುರಿ ಮಾಡ್ಬೇಕು. ಕತ್ತರಿ ನನ್ನ ಚೀಲದಲ್ಲಿದೆ."

"ಕತೆ... ಬಾಯಿಪಾಠ ಹೇಳ್ತಾನಾ?"

"ಅವನ್ಯಾಕೆ ಹೇಳ್ತಾನೆ? ಈ ವರ್ಷ ನಿನ್ನ ಸರದಿ ತಾನೆ?"

ಸಂಡೇ ಸ್ಕೂಲ್ ಕೋಣೆಯಿಂದ ಧಡಾರ್ ಎಂದು ಏನೋ ಬಿದ್ದ ಸದ್ದು ಬಂತು. ಹಿಂದೆಯೇ ಬಾಯಿಪಾಠನ ಕಿರುಚಾಟ.

"ಆ ಒಂಬತ್ತೂ ಕ್ಷೇಮವಾಗಿರೋ ಹಾಗಿದೆ. ನಡಿ, ನಡಿ!" ಎಂದರು ಟೀಚರಜ್ಜಿ.

ಬುಗುರಿ ಕತ್ತರಿಸಿದ ಕುರಿಗೆ ಕಿವಿ ಉದ್ದವಾಯಿತು, ಒಂದು ಕಾಲು ಗಿಡ್ಡವಾಯಿತು. "ಇದು ಮೊಲ," ಎಂದ ಬಾಯಿಪಾಠ. "ಕುಂಟು ಮೊಲ."

ಆರಾಧನೆಯಲ್ಲಿ ಬುಗುರಿಯ ಹೆಸರು ಕರೆದಾಗ ಅವಳು ಹೋಗಿ ಹಲಗೆಯ ಪಕ್ಕ ನಿಂತಳು. ಕತೆ ಶುರುವಾಯಿತು. ಒಂಬತ್ತು ಕುರಿಗಳು ಹಲಗೆಗೆ ಅಂಟಿದವು. ದೂರದ ಮೂಲೆಯಲ್ಲಿ, ಮರದ ಹಿಂದೆ, ಉದ್ದ ಕಿವಿಯ ಕುರಿ ಒಂಟಿಯಾಗಿ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಕುರುಬ ಹೊರಟ. ಇಲ್ಲಿಂದ ಮುಂದೆ ಬಾಯಿಪಾಠ ಪ್ರತಿ ವರ್ಷ ಹೇಳುತ್ತಿದ್ದ ಸಾಲುಗಳು ಬುಗುರಿಗೂ ಬರುತ್ತಿದ್ದವು. ಆದರೆ ಬಾಯಿಂದ ಬಂದದ್ದು ಬೇರೆ.

"ಕುರುಬನಿಗೆ ಮಂಡಿ ನೋವಿತ್ತು," ಎಂದಳು. "ಆದರೂ ಅವನು ಮಂಡಿಯೂರಿ ಮುಳ್ಳಿನ ಪೊದೆಯ ಕೆಳಗೆಲ್ಲ ನೋಡಿದ. ಅವನ ಬಟ್ಟೆಯೆಲ್ಲ ಧೂಳಾಯಿತು. ತಲೆಗೆ ಜೇಡರ ಬಲೆ ಮೆತ್ತಿಕೊಂಡಿತು. ಕುರಿ ತಪ್ಪು ಮಾಡಿ ಅಡಗಿಕೊಂಡಿತ್ತು, ಅದಕ್ಕೇ ಕರೆದರೂ ಓಗೊಡಲಿಲ್ಲ. ಕುರುಬ ಅದನ್ನು ನೋಡಿದಾಗ ಬೈಯಲಿಲ್ಲ. 'ಅಬ್ಬಾ, ಸಿಕ್ತು!' ಅಂದ."

"ಇದೆಲ್ಲ ಬೈಬಲಲ್ಲಿ ಇಲ್ಲ!" ಬಾಯಿಪಾಠ ಪಿಸುಗುಟ್ಟಿದ್ದು ಮೂರು ಸಾಲಿಗೆ ಕೇಳಿಸಿತು.

ಬುಗುರಿ ಹೆದರಿ ಟೀಚರಜ್ಜಿಯ ಕಡೆ ನೋಡಿದಳು. ಅವರು ತಲೆ ತಗ್ಗಿಸಿಕೊಂಡು ಕೂದಲಿನಿಂದ ಜೇಡರ ಬಲೆ ಬಿಡಿಸಿಕೊಳ್ಳುತ್ತಿದ್ದರು. ಅವರ ಭುಜ ಕುಲುಕುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ಅಷ್ಟು ದೂರಕ್ಕೆ ಗೊತ್ತಾಗಲಿಲ್ಲ.

ಆರಾಧನೆ ಮುಗಿದು ಜನ ಹೊರಗೆ ಬರುವಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಪಾಸ್ಟರ್ ಅಂಕಲ್ ಮೆಟ್ಟಿಲ ಮೇಲೆ ನಿಂತು ಗತ್ತಿನಿಂದ ಒಂದು ಕರಿ ಕೊಡೆ ಬಿಚ್ಚಿದರು.

ಪಟ್ ಎಂದು ಒಂದು ಕುರಿ ಅವರ ಬೋಳು ತಲೆಯ ಮೇಲೆ ಬಿತ್ತು.

"ಇದೇನಿದು? ಬೆಳಿಗ್ಗೆ ಈ ಕೊಡೆ ಒಯ್ದಾಗ ಕುರಿಯೂ ಜೊತೆಗೆ ಬಂತಾ?" ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

ಹತ್ತೂ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದವನು ಬಾಯಿಪಾಠ. "ಟೀಚರಜ್ಜಿ, ಈಗ ನೂರ ಹತ್ತು ಕುರಿ ಆಯ್ತು!"

"ಆಗ್ಲಿ ಬಿಡೋ. ಡಬ್ಬೀಲಿ ಜಾಗ ಇದೆ," ಎಂದರು ಟೀಚರಜ್ಜಿ.

ಕೋಣೆಯಲ್ಲಿ ಬುಗುರಿ ಕುರಿಗಳನ್ನು ಒಂದೊಂದಾಗಿ ಡಬ್ಬಿಯಲ್ಲಿಟ್ಟಳು. ಉದ್ದ ಕಿವಿಯದನ್ನು ತೆಗೆದು ಪಕ್ಕಕ್ಕಿಟ್ಟಾಗ ಟೀಚರಜ್ಜಿ ಅದನ್ನೂ ಒಳಗಿಟ್ಟು ಮುಚ್ಚಳ ಒತ್ತಿದರು.

ಆಮೇಲೆ ಬಾಗಿಲಲ್ಲಿ ನಿಂತು, ಮನೆಗೆ ಹೊರಟ ಮಕ್ಕಳ ಕಡೆ ಬೆರಳು ಆಡಿಸಿದರು. ಪ್ರತಿ ಭಾನುವಾರವೂ ಹೀಗೆಯೇ ಎಣಿಸುತ್ತಿದ್ದರು. ಬುಗುರಿ ಇದನ್ನು ಗಮನಿಸಿಯೇ ಇರಲಿಲ್ಲ. ಆ ಹೊತ್ತಿಗೆ ಅವಳು ಯಾವಾಗಲೂ ಗೇಟು ದಾಟಿರುತ್ತಿದ್ದಳು. ಟೀಚರಜ್ಜಿ ಪ್ರತಿ ಸಲ ಗೇಟಿನ ತನಕ ಬರುತ್ತಿದ್ದದ್ದು ತನ್ನನ್ನು ಎಣಿಸಲು ಎಂದು ಈಗ ಹೊಳೆಯಿತು.

"ಏಳು, ಎಂಟು, ಒಂಬತ್ತು..."

ಬುಗುರಿ ಈ ಸಲ ಗೇಟು ದಾಟದೆ, ಅಂಗಳದ ಹನಿ ಮಳೆಯಲ್ಲಿ ಅಲುಗಾಡದೆ ನಿಂತಳು, ಬೆರಳು ತನ್ನ ಹತ್ತಿರ ಬರುವವರೆಗೆ.