ಜರಡಿ ಯಂತ್ರದ ಸಪ್ಪಳ

ಮಂಗಳವಾರ ಬೆಳಿಗ್ಗೆ ಭರಮವ್ವ ಅರಿಶಿನ, ಕುಂಕುಮ, ತೆಂಗಿನಕಾಯಿ ಹಿಡಿದು ಹೊಲಕ್ಕೆ ಬಂದಳು. ಹಿಂದೆ ಮಗ ಹಣಮಪ್ಪ, ಹೆಗಲ ಮೇಲೆ ಗುದ್ದಲಿ. ಬೇವಿನ ಬುಡದಲ್ಲಿ ಗುರುತಿಗೆ ಇಟ್ಟ ಕಲ್ಲು ಕಾಣಲಿಲ್ಲ. ಅಲ್ಲೊಂದು ಕುಣಿ ಇತ್ತು. ಅದರ ತಳದ ಮಣ್ಣಿನಲ್ಲಿ ತಟ್ಟೆಯಷ್ಟಗಲದ ಅಚ್ಚು, ಕೊಳೆತ ಬಟ್ಟೆಯ ಎಳೆಗಳು.

ಭರಮವ್ವ ತೆಂಗಿನಕಾಯಿಯನ್ನು ಒಡೆಯದೆ ಮಡಿಲಿಗೆ ಹಾಕಿಕೊಂಡಳು.

ಪ್ಲೇಗಿನ ವರ್ಷ ಊರು ಬಿಡುವಾಗ ಅವಳ ಮಾವ ಮನೆದೇವರು ಮಾಯಕ್ಕನ ಬೆಳ್ಳಿಯ ಮುಖವನ್ನು ಹೊಲದಲ್ಲಿ ಹೂತಿದ್ದ. ಜಾಗ ಹೇಳದೆ ಸತ್ತ. ಖಾನಾಪುರದಲ್ಲಿ ರೇಡಿಯೋ ರಿಪೇರಿ ಮಾಡುವ ಮುನಾಫ ತಾನೇ ಕಟ್ಟಿದ ಲೋಹ ಹುಡುಕುವ ಯಂತ್ರ ತಂದು, ನಿನ್ನೆ ಆ ಜಾಗ ತೋರಿಸಿಕೊಟ್ಟಿದ್ದ. ಆದರೆ ಸೋಮವಾರ ಆ ಊರಿನಲ್ಲಿ ಯಾರೂ ಎತ್ತು ಹೂಡುವುದಿಲ್ಲ, ನೆಲಕ್ಕೆ ಗುದ್ದಲಿ ಹಚ್ಚುವುದಿಲ್ಲ. ಹಣಮಪ್ಪ ಪಂಚಾಂಗ ನೋಡುವ ಕಲ್ಲಯ್ಯನನ್ನು ಕೇಳಿದ. ನಾಳೆ ಹೊತ್ತೇರಿದ ಮೇಲೆ ಅಗೀರಿ ಎಂದು ಕಲ್ಲಯ್ಯ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಮುನಾಫ ಲಾಕಪ್ಪಿನಲ್ಲಿದ್ದ.

* * *

ಮುನಾಫನ ತಂಗಿ ನಸೀಬಾ ಬೆಳಗಾವಿಯಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದಳು. ಸುದ್ದಿ ತಿಳಿದ ಕೂಡಲೇ ಬಸ್ ಹಿಡಿದು ಬಂದಳು. ಸರಳುಗಳ ಹಿಂದೆ ಅಣ್ಣ ಗೋಡೆಗೆ ಒರಗಿ ಕುಳಿತಿದ್ದ. ಅವಳನ್ನು ನೋಡಿ ಏಳಲಿಲ್ಲ. ಅಲ್ಲಿ ಗಾಳಿಯೇ ಇರಲಿಲ್ಲ. ಕಿಟಕಿ ಎಂದರೆ ಸೂರಿನ ಹತ್ತಿರ ಒಂದು ಕಿಂಡಿ.

ಸಬ್ ಇನ್‌ಸ್ಪೆಕ್ಟರ್ ಗುರುಪುತ್ರಪ್ಪ ಕೆಟ್ಟ ಮನುಷ್ಯನಲ್ಲ. ಆದರೆ ಅವನ ಕೊರಳಿಗೂ ಹಗ್ಗ ಬಿದ್ದಿತ್ತು. ಠಾಣೆಯ ಮುಂದೆ ಊರವರು ಕುಳಿತಿದ್ದರು. ಮೇಲಿನಿಂದ ಎರಡು ಸಲ ಫೋನ್ ಬಂದಿತ್ತು. ನಾಳೆ ಕೋರ್ಟು, ಅಲ್ಲಿಂದ ಹಿಂಡಲಗಾ ಜೈಲು. ಹೊಲದ ಜಾಗ ಗೊತ್ತಿದ್ದವ ಮುನಾಫ. ನಿನ್ನೆ ರಾತ್ರಿ ಅಂಗಡಿಯಲ್ಲಿ ಒಬ್ಬನೇ ಮಲಗಿದ್ದೆ ಎನ್ನುತ್ತಾನೆ, ಸಾಕ್ಷಿ ಇಲ್ಲ. ಅಂಗಡಿಯಲ್ಲಿ ಕರಗಿಸಿದ ಬೆಳ್ಳಿಯೂ ಸಿಕ್ಕಿದೆ.

ಅವನು ಮೇಜಿನ ಮೇಲೊಂದು ಹೊಳೆಯುವ ಉಂಡೆ ಇಟ್ಟ. ನಸೀಬಾ ಅದನ್ನು ಉಗುರಿನಿಂದ ಗೀರಿದಳು. ಗೆರೆ ಮೂಡಿತು.

"ಬೆಸಗಿ ಸೀಸ ರೀ ಇದು. ರೇಡಿಯೋಕ್ಕ ಹಚ್ಚೂದು. ಬೆಳ್ಳಿ ಉಗುರಿಗೆ ಸಿಗತೈತೇನ್ರಿ?"

ಗುರುಪುತ್ರಪ್ಪ ತಾನೂ ಗೀರಿ ನೋಡಿದ. ಉಂಡೆಯನ್ನು ಡ್ರಾವರಿಗೆ ಹಾಕಿದ.

"ಇದು ಹೋತು ಅನ್ನು. ಆದ್ರ ಕಲ್ಲಯ್ಯಾರು ಕಣ್ಣಾರೆ ನೋಡ್ಯಾರ, ತಂಗಿ. ಇವತ್ತ ನಸುಕಿನ್ಯಾಗ ಯಂತ್ರ ಒದರೂದು ಕೇಳಿ ಬದುವಿಗೆ ಬಂದ್ರಂತ. ನೋಡಿದ್ರ ನಿಮ್ಮಣ್ಣ."

"ಒದರೂದು ಕೇಳಿ ಬಂದ್ರಾ? ಬದುವಿನ ಮಟ ಕೇಳ್ತಂತಾ?"

"ಹಂಗಂದ್ರು."

ವಶಪಡಿಸಿಕೊಂಡ ಯಂತ್ರ ಮೂಲೆಯಲ್ಲಿತ್ತು. ಉದ್ದನೆಯ ಕೋಲು, ಅದರ ತುದಿಗೆ ಜರಡಿಯ ಮರದ ಬಳೆಗೆ ಸುತ್ತಿದ ತಾಮ್ರದ ತಂತಿ, ನಡುವೆ ಒಂದು ಡಬ್ಬಿ. ಡಬ್ಬಿಗೆ ಜೋತುಬಿದ್ದ ಹಳೆಯ ಹೆಡ್‌ಫೋನ್. ನಸೀಬಾ ಅನುಮತಿ ಕೇಳಿ ಡಬ್ಬಿಯ ಮುಚ್ಚಳ ಬಿಚ್ಚಿದಳು. ಒಳಗೆ ಬೆರಳಿಟ್ಟು ಏನನ್ನೋ ತೋರಿಸಿ, ತಗ್ಗಿದ ದನಿಯಲ್ಲಿ ಹೇಳಿದಳು.

ಗುರುಪುತ್ರಪ್ಪ ಬಗ್ಗಿ ಡಬ್ಬಿಯೊಳಗೆ ನೋಡಿದ. "ಕಲ್ಲಯ್ಯ ಸುಳ್ಳ ಹೇಳ್ಯಾನ ಅಂತಾತು. ಕದ್ದಾನ ಅಂತ ಆಗೂದಿಲ್ಲ."

"ಖರೇ ರೀ. ಅದಕ್ಕ ಯಂತ್ರ ತಗೊಂಡು ಅವ್ರ ಮನಿಗೆ ಹೋಗೂಣು."

ಅವನು ಟೋಪಿ ಎತ್ತಿಕೊಂಡ.

* * *

ಕಲ್ಲಯ್ಯನ ಮನೆಯ ಅಂಗಳ ಎತ್ತರದ ಗೋಡೆಯೊಳಗಿತ್ತು. ಅವನು ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ. ಹುಡುಕುತ್ತೇವೆ ಎಂದಾಗ ನಕ್ಕು, ಧಾರಾಳವಾಗಿ ಹುಡುಕಿ ಎಂದ. ಕಳ್ಳನ ಯಂತ್ರವನ್ನು ಕಳ್ಳನ ತಂಗಿಯ ಕೈಗೇ ಕೊಟ್ಟಿದ್ದೀರಲ್ಲ ಎಂದೂ ಚುಚ್ಚಿದ. ಗೋಡೆಯ ಮೇಲಿನಿಂದ ಊರವರು ಇಣುಕುತ್ತಿದ್ದರು. ಪೊಲೀಸರು ಬಾಗಿಲು ಹಾಕಿದರು.

ಛಳಿಗಾಲ. ನಸೀಬಾ ತಲೆ ತುಂಬ ಶಾಲು ಹೊದ್ದಿದ್ದಳು. ಕೋಲನ್ನು ನೆಲದ ಮೇಲೆ ಆಡಿಸುತ್ತ ದನಗಳ ಗ್ವಾದಲಿಯ ಬದಿಯಿಂದ ಹೊಸ್ತಿಲವರೆಗೆ ಬಂದಳು. ಅಂಗಳದ ನಡುವೆ, ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿ. ಒಳಗೆ ವರ್ಷದ ಜೋಳ. ಚಪ್ಪಡಿಯ ಅಂಚಿಗೆ ಮೆತ್ತಿದ ಸಗಣಿ ಇನ್ನೂ ಹಸಿರಾಗಿತ್ತು. ಅವಳು ಅದನ್ನೂ ದಾಟಿ ಹೋದಳು. ಮುಖದಲ್ಲಿ ಏನೂ ಇರಲಿಲ್ಲ.

ಅಂಗಳದಲ್ಲಿ ಕೋಳಿಯ ದನಿ ಬಿಟ್ಟರೆ ಸದ್ದಿಲ್ಲ.

ಕಲ್ಲಯ್ಯ ಎಲೆಯ ರಸ ಉಗುಳಿದ. "ನೋಡಿದ್ರಿಲ್ಲೋ ಸಾಹೇಬ್ರ? ಯಂತ್ರ ಬಾಯಿ ಬಿಡಲಿಲ್ಲ. ಇದ್ದಿದ್ರ ಒದರ್ತಿತ್ತು."

"ನಸುಕಿನ್ಯಾಗ ಒದರಿದಂಗ?" ಗುರುಪುತ್ರಪ್ಪ ಕೇಳಿದ.

"ಹೂಂ ರೀ, ಹಂಗ."

ನಸೀಬಾ ಹಿಂದಿರುಗಿ ಬಂದಳು. ಜರಡಿಯ ಬಳೆಯನ್ನು ಚಪ್ಪಡಿಯ ಮೇಲಿಟ್ಟಳು. ಶಾಲು ಸರಿಸಿ, ತಲೆಗೆ ಹಾಕಿಕೊಂಡಿದ್ದ ಹೆಡ್‌ಫೋನ್ ತೆಗೆದು ಕಲ್ಲಯ್ಯನ ಕಿವಿಗೆ ಇಟ್ಟಳು.

ಜಗಿಯುತ್ತಿದ್ದ ಬಾಯಿ ನಿಂತಿತು. ಅವನು ಬಾಗಿಲ ಕಡೆ ನೋಡಿದ. ಬಾಗಿಲಿಗೆ ಪೊಲೀಸ ಬೆನ್ನು ಕೊಟ್ಟಿದ್ದ.

"ಒದರಾಕತ್ತೈತಿಲ್ಲೋ ಅಯ್ಯಾರ?" ನಸೀಬಾ ಕೇಳಿದಳು. "ನಿಮಗೊಬ್ರಿಗೇ."

* * *

ಚಪ್ಪಡಿ ಎತ್ತಿಸಿದಾಗ ಜೋಳದ ಮೇಲೆಯೇ ಧೋತರದ ಗಂಟು ಇತ್ತು. ಒಳಗೆ ಕಪ್ಪಾದ ಬೆಳ್ಳಿಯ ಮುಖ.

ನಸೀಬಾ ಎಲ್ಲವನ್ನೂ ಅಲ್ಲಿಯೇ ಬಿಡಿಸಿ ಹೇಳಿದಳು. ಮೊದಲು ಅಣ್ಣ ಆ ಕೋಲಿಗೆ ಟ್ರಾನ್ಸಿಸ್ಟರ್ ರೇಡಿಯೋ ಕಟ್ಟಿ, ಅದರ ಸ್ಪೀಕರಿನಿಂದಲೇ ಸದ್ದು ಕೇಳುತ್ತಿದ್ದ. ಊರೆಲ್ಲ ಅದನ್ನು ಕೇಳಿತ್ತು, ಕಲ್ಲಯ್ಯನೂ. ಆದರೆ ಸುತ್ತ ನೆರೆದವರ ಗಲಾಟೆಯಲ್ಲಿ ಆಳದ ವಸ್ತುವಿನ ಸಣ್ಣ ದನಿ ಮುಚ್ಚಿಹೋಗುತ್ತಿತ್ತು. ಕಳೆದ ರಜೆಯಲ್ಲಿ ಅವಳು ರೇಡಿಯೋ ಬಿಚ್ಚಿ, ಎರಡು ಟ್ರಾನ್ಸಿಸ್ಟರಿನ ಚಿಕ್ಕ ಆಂಪ್ಲಿಫೈಯರ್ ಮಾಡಿ, ಬೆಳಗಾವಿ ಕ್ಯಾಂಪಿನ ಗುಜರಿಯಲ್ಲಿ ಸಿಕ್ಕ ಮಿಲಿಟರಿ ಹೆಡ್‌ಫೋನಿಗೆ ಜೋಡಿಸಿದಳು. ಡಬ್ಬಿಯಲ್ಲಿ ಈಗ ಸ್ಪೀಕರೇ ಇಲ್ಲ. ಸೋಮವಾರ ಮುನಾಫ ಛಳಿಗೆ ತಲೆಗೆ ಟವೆಲ್ ಸುತ್ತಿದ್ದ. ದೂರದಿಂದ ನೋಡಿದ ಕಲ್ಲಯ್ಯನಿಗೆ ಹೆಡ್‌ಫೋನ್ ಕಾಣಲಿಲ್ಲ. ಹಳೆಯ ಸದ್ದನ್ನೇ ನೆನೆದು ಸುಳ್ಳು ಕಟ್ಟಿದ.

"ದನದ ಸರಪಳಿ ಹತ್ರಾನೂ ಸಪ್ಪಳಾತು ರೀ. ಕಬ್ಬಿಣಕ್ಕ ದನಿ ಇಳೀತೈತಿ. ಬೆಳ್ಳಿಗೆ ಏರತೈತಿ. ಇಲ್ಲಿ ಏರ್ತು. ಜೋಳ ಎಲ್ಲಿ ಹಾಡತೈತ್ರಿ?"

ಉಳಿದದ್ದು ಗುರುಪುತ್ರಪ್ಪನಿಗೇ ಹೊಳೆಯಿತು. ಅಗೆಯುವುದನ್ನು ಮಂಗಳವಾರ ಹೊತ್ತೇರುವವರೆಗೆ ತಡೆದವನು ಕಲ್ಲಯ್ಯ. ನಡುವಿನ ರಾತ್ರಿ ಅವನದು. ಮುಚ್ಚಿದ ಹಗೇವಿನಲ್ಲಿ ವಿಷಗಾಳಿ ಇರುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡದೆ ಯಾರೂ ಇಳಿಯುವುದಿಲ್ಲ. ಅಷ್ಟು ಸಮಯ ಅವನಿಗಿರಲಿಲ್ಲ. ಗಂಟನ್ನು ಮೇಲೆಯೇ ಇಟ್ಟು ಮುಚ್ಚಿದ. ಇನ್ನೂ ಕೆಳಗೆ ಹುಗಿದಿದ್ದರೆ ಯಂತ್ರಕ್ಕೆ ಎಟಕುತ್ತಿರಲಿಲ್ಲ.

ಹೆಡ್‌ಫೋನ್ ಇನ್ನೂ ಕಲ್ಲಯ್ಯನ ತಲೆಯ ಮೇಲೇ ಇತ್ತು.

* * *

ಸಂಜೆ ಬೀಗ ತೆಗೆದಾಗ ಮುನಾಫ ಬಾಗಿಲಲ್ಲಿ ನಿಂತು, ಹೊರಗಿನ ಬೆಳಕಿಗೆ ಕಣ್ಣು ಕಿರಿದು ಮಾಡಿದ. ಮಧ್ಯಾಹ್ನ ಅವನಿಗೆ ಹಿಡಿಶಾಪ ಹಾಕಿದವರೇ ಈಗ ದಾರಿ ಬಿಟ್ಟು ನಿಂತರು. ಭರಮವ್ವ ತಲೆ ತಗ್ಗಿಸಿಕೊಂಡೇ ಬಂದು, ಒಡೆದ ತೆಂಗಿನಕಾಯಿಯ ಅರ್ಧ ಹೋಳನ್ನು ಅವನ ಕೈಗಿಟ್ಟಳು.

ಬಸ್ಸಿನಲ್ಲಿ ಅವನು ತಂಗಿಯ ಪಕ್ಕ ಕುಳಿತ. ಯಂತ್ರವಂತೂ ಕೋರ್ಟು ಮುಗಿಯುವ ತನಕ ಠಾಣೆಯಲ್ಲೇ. ತನ್ನ ಕೆಲಸ ಅಣ್ಣನಿಗೆ ಹಿಡಿಸಿತೋ ಇಲ್ಲವೋ ಎಂದು ನಸೀಬಾ ಕೇಳಿದಳು.

"ಛಲೋ ಐತಿ," ಎಂದ. ತೆಂಗಿನ ಹೋಳನ್ನು ಎರಡು ಮಾಡಿ ಒಂದನ್ನು ಅವಳಿಗೆ ಕೊಟ್ಟ. "ಆದ್ರ ಅದು ಮನಿಗೆ ಬಂದ ಮ್ಯಾಲೆ ಒಂದು ಸ್ಪೀಕರೂ ಹಚ್ಚು. ಇನ್ನ ಮ್ಯಾಲೆ ನಾ ಕೇಳಿದ್ದು ಎಲ್ಲಾರಿಗೂ ಕೇಳ್ಲಿ."