ಮರಳು ತುಂಬಿದ ಕೆಪಾಸಿಟರ್

"ಅಲ್ಲಾಡಿದ್ರೆ ಕುತ್ತಿಗೆ ಕುಯ್ತೀನಿ!"

ನನ್ನ ಕತ್ತಿನ ಮೇಲೆ ಚಾಕು. ಬೆನ್ನ ಹಿಂದೆ ದಾಂಡಿಗ. ಎದುರಿಗೆ ಅವನ ಧಣಿ, ಲಾಗೋಸ್ ಮಾರ್ಕೆಟ್ಟಿನ ಕೆಪಾಸಿಟರ್ ವ್ಯಾಪಾರಿ ಒಕ್ವುಡಿಲಿ, ಹಲ್ಲು ಕಿರಿಯುತ್ತ ಕೂತಿದ್ದ.

ಮೇಜಿನ ಮೇಲೆ ನಾನು ಸೀಳಿದ್ದ ಅವನದೇ ಮಾಲು. ಹೊರಗೆ ದಪ್ಪ ಡಬ್ಬಿ, ನಾನೂರೈವತ್ತು ವೋಲ್ಟಿನ ಲೇಬಲ್. ಒಳಗೆ ಹೆಬ್ಬೆರಳಿನಷ್ಟು ಇನ್ನೂರು ವೋಲ್ಟಿನ ಪಿಳ್ಳೆ... ಉಳಿದಿದ್ದೆಲ್ಲ ಮರಳು! ನಮ್ಮ ಮೆಕ್ಯಾನಿಕ್‌ಗಳು ಕೆಪಾಸಿಟರ್ ಆರಿಸುವುದೇ ಅಂಗೈಯಲ್ಲಿ ತೂಗಿ. ಭಾರ ಇದ್ದರೆ ಅಸಲಿ!

ಆ ಮರಳು ನರ್ಸ್ ಎಬಿಯೆರೆಯ ಕ್ಲಿನಿಕ್ಕಿನ ಸೋಲಾರ್ ಇನ್ವರ್ಟರಿಗೆ ಹೋಗಿತ್ತು. ಲೋಡು ಬಿದ್ದೊಡನೆ ಅದು ಸಿಡಿದು ಇನ್‌ಕ್ಯುಬೇಟರ್ ನಿಂತಿತು. ಒಳಗಿದ್ದ ಕೂಸು ತಣ್ಣಗಾಯಿತು.

"ಇಂಥದ್ದೇ ಇನ್ನೊಂದು ಕ್ಲಿನಿಕ್ಕಲ್ಲೂ ಇದೆಯಂತೆ. ಎಲ್ಲಿ ಅಂತ ಬಾಯಿ ಬಿಡಿಸು, ಲಾಡಿಪೋ" ಎಂದು ಆಕೆಯೇ ನನ್ನನ್ನು ಅಟ್ಟಿದ್ದಳು.

"ದೇವರಾಣೆಗೂ ಅಸಲಿ ಮಾಲು ಕಣೋ. ಒಂದು ವರ್ಷ ಗ್ಯಾರಂಟಿ!" ಒಕ್ವುಡಿಲಿ ನಕ್ಕ.

ತಲೆಯನ್ನು ಹಿಂದಕ್ಕೆ ಬೀಸಿದೆ. ದಾಂಡಿಗನ ಮೂಗು ಲಟಕ್! ಚಾಕು ಬಿತ್ತು.

ಒಕ್ವುಡಿಲಿ ಓಡಿದ... ಜನರೇಟರುಗಳ ಸಂದಿ, ಮೀನು ಹುರಿಯುವ ಹೆಂಗಸರು, ಹಿಂಬದಿಯ ಮೆಟ್ಟಿಲು, ಕೊನೆಗೆ ತಾರಸಿಯಲ್ಲಿ ನನ್ನ ಕೈಗೆ ಸಿಕ್ಕಿಬಿದ್ದ. ಅಲ್ಲಿ ಸುಡುವ ತಗಡಿನ ಕೆಳಗೆ ಅವನ ಅಂಗಡಿಯದೇ ಇನ್ವರ್ಟರ್.

ಅದರ ಮುಚ್ಚಳ ಕಿತ್ತೆ. ಅವನ ಕೆನ್ನೆಯನ್ನು ಬಾಯ್ತೆರೆದ ಇನ್ವರ್ಟರಿಗೊತ್ತಿ ವೈರಿನಿಂದ ಬಿಗಿದೆ.

"ಬೆಳಿಗ್ಗೆ ರಿಪೇರಿ ನೆಪದಲ್ಲಿ ಹತ್ತಿ ಬಂದು ಇದರೊಳಗೆ ನಿನ್ನದೇ ಕೆಪಾಸಿಟರ್ ಹಾಕಿದೀನಿ. ಕರೆಂಟ್ ಇರೋ ತನಕ ಇದು ನಿದ್ದೆ. ಕರೆಂಟ್ ಹೋಯ್ತೋ... ಇಡೀ ಅಂಗಡಿಯ ಲೋಡು ಇದರ ತಲೆ ಮೇಲೆ!"

ಲಾಗೋಸಿನಲ್ಲಿ ಕರೆಂಟ್ ಹೋಗದೆ ಇರುವುದುಂಟೆ?

"ಬಿಚ್ಚಣ್ಣಾ! ನಿನ್ನ ದಮ್ಮಯ್ಯ!"

"ಯಾಕೋ ಬೆವರ್ತೀಯ? ಅಸಲಿ ಅಲ್ವಾ?"

"ಮರಳಣ್ಣಾ! ಬರೀ ಮರಳು! ಇನ್ನೊಂದು ಇಕೊರೊಡುವಿನ ಹೆರಿಗೆ ಕ್ಲಿನಿಕ್ಕಲ್ಲಿದೆ... ಮೀನು ಮಾರ್ಕೆಟ್ ಹಿಂದೆ!"

ಎಬಿಯೆರೆಗೆ ಫೋನ್ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಆಕೆಯೇ ತಿರುಗಿ ಮಾಡಿದಳು.

"ಅದನ್ನ ಆಫ್ ಮಾಡಿಸ್ದೆ. ಅಲ್ಲಿನ ಕೂಸು ತಾಯಿ ಎದೆ ಮೇಲೆ ಬೆಚ್ಚಗಿದೆ."

"ಹೇಳಿದ್ನಲ್ಲಣ್ಣಾ... ಈಗ ಬಿಚ್ಚು!" ಒಕ್ವುಡಿಲಿ ಅಳುತ್ತಿದ್ದ.

ನಮ್ಮಲ್ಲಿ ಕೂಸಿಗೆ ಹೆಸರಿಡುವುದು ಎಂಟನೆಯ ದಿನ. ಎಬಿಯೆರೆಯ ಕ್ಲಿನಿಕ್ಕಿನ ಕೂಸು ಹೆಸರಿಲ್ಲದೆಯೇ ಮಣ್ಣಿಗೆ ಹೋಯಿತು.

"ದೇವರಾಣೆ ಇಟ್ಟೋನು ನೀನು. ನಾನ್ಯಾಕೆ ಅನುಮಾನಪಡ್ಲಿ?" ಎಂದು ಮೆಟ್ಟಿಲಿಳಿದೆ.

ಕೆಳಗೆ ಅಂಗಡಿಗಳ ಫ್ಯಾನುಗಳು ಒಂದೊಂದಾಗಿ ನಿಂತವು. ಕರೆಂಟ್ ಹೋಯಿತು.

ಮೇಲೆ... ಢಮ್!

ಒಂದು ವರ್ಷದ ಗ್ಯಾರಂಟಿ, ನಾನು ಕೆಳಗಿನ ಮೆಟ್ಟಿಲು ಮುಟ್ಟುವವರೆಗೂ ಬಾಳಲಿಲ್ಲ!